ಒತ್ತಿಗೆ ಏಳೂವರೆ

ಬೋರ್ಡು ಬರೆಯುವಾಗ ಅಕ್ಷರಕ್ಕೆ ಹದಿನೈದು ರೂಪಾಯಿ,
ಒತ್ತಿಗೆ ಏಳೂವರೆ, ಸೊನ್ನೆ ಪುಕ್ಕಟೆ.
ಶ್ರೀ ಲಕ್ಷ್ಮೀರಂಗನಾಥಸ್ವಾಮಿ ಪ್ರಾವಿಜನ್ ಸ್ಟೋರ್ಸ್
ಅಂತ ಯಾರಾದರೂ ಬಂದರೆ
ಅವತ್ತು ನಮ್ಮನೆಯಲ್ಲಿ ಕೈಮಾ.

ಈಗ ನಾನು ಕೊಂಡಿಡುವ ಹೆಸರುಗಳ ಲೆಕ್ಕವೇ ತಲೆಕೆಳಗು.
ನಾಲ್ಕಕ್ಷರಕ್ಕೆ ಲಕ್ಷ, ಹದಿನಾಲ್ಕನ್ನು ಕೇಳುವವರಿಲ್ಲ.
ನಡುವೆ ಅಡ್ಡಗೆರೆ ಇದ್ದರೆ ಕುಂಟೆತ್ತು.
ಬಾಲ ಡಾಟ್ ಕಾಮ್ ಆದರೆ ಅಣ್ಣನ ದರ,
ಡಾಟ್ ಇನ್ ಆದರೆ ತಮ್ಮನ ದರ,
ಮಿಕ್ಕ ಬಾಲಗಳಿಗೆಲ್ಲ ನೊಣ ಓಡಿಸುವುದೇ ಕೆಲಸ.

ಕಲಿಸಿದವನು ಹೊರಪೇಟೆಯ ಜೆರಾಕ್ಸ್ ಅಂಗಡಿ ನಂಜೇಶ,
ಫ್ಲೆಕ್ಸ್ ಬಂದು ನನ್ನ ಕುಂಚ ಕಲ್ಲಾದ ವರ್ಷ.
'ಖಲೀಲಣ್ಣ, ಏಣಿ ಬೇಡ, ಗೋಡೆ ಬೇಡ,
ಹೆಸರು ಹಿಡಿದಿಟ್ಟುಕೋ. ಬೇಕಾದವನು ಹುಡುಕಿಕೊಂಡು ಬರ್ತಾನೆ.'
ಕಟ್ಟಿದೆ. ರಸೀದಿ ಬಂತು.
ಮುಟ್ಟಿ ನೋಡಿದೆ, ಬೆರಳಿಗೆ ಬಣ್ಣ ಅಂಟಲಿಲ್ಲ.

ಆಮೇಲೆ ಊರಿನ ಹೆಸರೇ ಇಂಗ್ಲಿಷಿನಲ್ಲಿ ಬದಲಾಯಿತು,
ಒಂದು ಎ, ಒಂದು ಯು ಜಾಸ್ತಿ.
ಬಿ.ಎಚ್. ರಸ್ತೆಯ ಉದ್ದಕ್ಕೂ ಆ ಎರಡನ್ನು ತುರುಕಿದ್ದು ನಾನೇ,
ಕುಂಚ ನೆನೆದದ್ದು ಅದೇ ಕೊನೆ.
ಕನ್ನಡದಲ್ಲಿ ಮೊದಲೂ ತುಮಕೂರು, ಆಮೇಲೂ ತುಮಕೂರು;
ನಾಲಿಗೆಗೆ ಸುದ್ದಿಯೇ ಮುಟ್ಟಲಿಲ್ಲ.
ನನ್ನ ಹತ್ತಿರ ಹಳೆ ಸ್ಪೆಲ್ಲಿಂಗಿನ ಮೂರು ಹೆಸರಿದ್ದವು:
ಬಾಡಿಗೆ ಮನೆಯದೊಂದು, ಸೈಟಿನದೊಂದು, ಕಲ್ಯಾಣಮಂಟಪದ್ದೊಂದು.
'ಬಿತ್ತು' ಅಂದ ನಂಜೇಶ.
ಎರಡು ವರ್ಷ ಬಿಟ್ಟು, 'ಜನ ಇನ್ನೂ ಹಳೆಯದನ್ನೇ ಒತ್ತುತ್ತಾರೆ, ಏರಿತು' ಅಂದ.
ಬಿದ್ದದ್ದೂ ಏರಿದ್ದೂ ಅವನ ಬಾಯಲ್ಲೇ.

ಕೊಬ್ಬರಿಯನ್ನು ಮೂರು ಥರ ಕೊಂಡೆ,
ಬಿ ಒಂದೋ ಎರಡೋ, ಆಮೇಲೆ ಎ ಉಂಟೋ ಇಲ್ಲವೋ;
ತಿಪಟೂರಿನ ಯಾವ ಮಂಡಿಯವನ ಬೆರಳು
ಹೇಗೆ ತಡವರಿಸೀತೋ ಯಾರು ಕಂಡರು.
ಬೆಲೆ ಹೇಳುವ ಯಂತ್ರ ಸಾವಿರದಿನ್ನೂರು ಡಾಲರ್ ಅಂತು.
ಇನ್ನೊಂದು ಯಂತ್ರ, ಸೊನ್ನೆ.
ಕಡೆಗೆ ಬಂದವರು ಗಾಣದ ಚಿಕ್ಕವೀರಪ್ಪನವರು:
ಒಂಬತ್ತು ಸಾವಿರ, ಮೇಲೊಂದು ಡಬ್ಬ ಎಣ್ಣೆ.
ಕೊಟ್ಟೆ.
ಬೆಲೆ ಅಂದರೆ ಇಷ್ಟೇ ಅಂತ ಕಾಣುತ್ತೆ,
ಇಬ್ಬರಲ್ಲಿ ಯಾರ ನಿದ್ದೆ ಮೊದಲು ಕೆಟ್ಟಿತು ಅನ್ನುವುದು.

ಹೋದ ಗುರುವಾರ ಕ್ಯಾತ್ಸಂದ್ರದಿಂದ ಪುಟ್ಟಲಿಂಗಮ್ಮ ಬಂದರು.
ತೊಂಬತ್ತೆಂಟರಲ್ಲಿ ಅವರ ಹೋಟೆಲಿಗೆ
ಹಳದಿ ಮೇಲೆ ಕೆಂಪು ಬರೆದವನು ನಾನು.
'ನನ್ನ ಹೆಸರು ನಿನ್ನತ್ರ ಐತಂತಲ್ಲ?
ಮೊಮ್ಮಗಳು ಮೊಬೈಲಲ್ಲಿ ನೋಡಿದ್ಲು.'
ಇದೆ ಅಂದೆ.
'ಎಷ್ಟು?'
ಇಪ್ಪತ್ತೈದು ಅನ್ನಲು ಹೊರಟ ಬಾಯಿ
ಇಪ್ಪತ್ತು ಅಂತು.
ಸಾವಿರ ಅಂತ ಸೇರಿಸುವಷ್ಟರಲ್ಲಿ
ಅವರು ಇಪ್ಪತ್ತರ ನೋಟು ತೆಗೆದು ಮೇಜಿನ ಮೇಲೆ ಇಟ್ಟಾಗಿತ್ತು.

ಸೇರಿಸಿದೆ.
ನೋಟು ವಾಪಸ್ಸು ಸಂಚಿಗೆ ಹೋಯಿತು.
ಅದೇ ಸಂಚಿಯಿಂದ, ಸುಣ್ಣದ ಕಲೆ ಬಿದ್ದ ನನ್ನದೇ ಚೀಟಿ:
'ಪುಟ್ಟಲಿಂಗಮ್ಮ ತಟ್ಟೆ ಇಡ್ಲಿ.
ಅಕ್ಷರ ಒಂಬತ್ತು, ಒತ್ತು ನಾಲ್ಕು.
ನೂರ ಅರವತ್ತೈದು. ಮುಟ್ಟಿದೆ. ಖಲೀಲ್.'
'ಈ ಹೆಸರಿಗೆ ಒಂದು ಸಲ ಕೊಟ್ಟಾಗದಲ್ಲಪ್ಪ.'

ಅದು ಗೋಡೆಯದು, ಇದು ಬೇರೆ ಜಾಗ ಅಂದೆ.
'ಗೋಡೆ ಇಲ್ಲದ ಕಡೆ ಬರೆದರೆ ಮಳೆಗೆ ಹೋಗಲ್ವಾ?'
ಮಳೆಗಲ್ಲ, ವರ್ಷ ವರ್ಷ ದುಡ್ಡು ಕಟ್ಟದಿದ್ದರೆ ಹೋಗುತ್ತೆ.
'ಯಾರು ಕಟ್ಟೋದು?'
ನಾನೇ.
'ಕಟ್ಟು ಮತ್ತೆ' ಅಂದು ಚಪ್ಪಲಿ ಮೆಟ್ಟಿದರು.

ನವೀಕರಣಕ್ಕೆ ಇನ್ನು ಒಂಬತ್ತು ದಿನ.
ಪರದೆಯ ಮೇಲೆ ಅವರ ಹೆಸರು ಹದಿಮೂರು ಇಂಗ್ಲಿಷ್ ಅಕ್ಷರ,
ಟೋಕನ್ ಹಿಡಿದು ನಿಂತ ಗಿರಾಕಿಗಳ ಹಾಗೆ ಸಾಲಾಗಿ,
ಯಾರ ಕೆಳಗೂ ಯಾರೂ ಇಲ್ಲ.
ಟ ಕೆಳಗೆ ಟ ಕೂರಿಸಲು
ನಾನು ಉಸಿರು ಬಿಗಿ ಹಿಡಿಯುತ್ತಿದ್ದ ಜಾಗ ಅಲ್ಲಿಲ್ಲ.

ನಿನ್ನೆ ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿದ್ದೆ.
ಹಬೆ ಹಿಡಿದು ಜನ ಬಂದಿದ್ದರು, ಬೋರ್ಡು ಯಾರೂ ಓದುತ್ತಿರಲಿಲ್ಲ.
ಕೊನೆಯ ಒತ್ತು ಉದುರಿ
ಪುಟ್ಟಲಿಂಗಮ ಅಂತ ನಿಂತಿದೆ.
ಡಬ್ಬಿಯಲ್ಲಿ ಕೆಂಪು ಒಂದಿಷ್ಟು ಉಳಿದಿರಬೇಕು.
ಒತ್ತಿಗೆ ಏಳೂವರೆ,
ಕೇಳಲೋ ಬೇಡವೋ.