ಕತ್ತಲೆಯ ಊರು ಬೇಕಾಗಿದೆ

ಕರ್ತಾಲ ಬೆಟ್ಟದ ಬೆನ್ನಿನ ಮೇಲೆ
ಕರಿಕಲ್ಲು ಇನ್ನೂ ಮಣ್ಣಾಗಲು ಒಪ್ಪಿಲ್ಲ.
ಹಾರೆ ಬಿದ್ದರೆ ಕಿಡಿ, ಹಲ್ಲು ಜುಮ್ಮೆನ್ನುತ್ತದೆ.
ಗುಂಡಿ ತೋಡುವುದು ನನ್ನ ಕೆಲಸ, ದಿನಗೂಲಿಗೆ:
ಮಡಕೆಗಳಿಗೆ ನಾಲ್ಕು, ತಂತಿಸುರುಳಿಗಳಿಗೆ ಮೂರು.
ಏಳನೆಯದು ನೆಟ್ಟಗೆ ನಿಲ್ಲುವ ಸುರುಳಿಗೆ, ಆಳುದ್ದ.
ಅದನ್ನು ತೋಡುವಾಗ ದಾರಿಹೋಕರು ಕೇಳುತ್ತಾರೆ,
ಯಾರು ತೀರಿಕೊಂಡರು?

ಎಂಜಿನಿಯರ್ ರಾಂತಿ ಕೈಗಡಿಯಾರ ಬಿಚ್ಚಿಡುತ್ತಾಳೆ,
ಬೆಲ್ಟು, ಬೀಗದ ಕೈ, ಕೂದಲ ಪಿನ್ನು.
ಕಬ್ಬಿಣ ಹತ್ತಿರ ಸುಳಿಯಬಾರದು.
ಯಂತ್ರಕ್ಕೂ ಮಡಿ.

ಮೂರು ಊರು ಅಲೆದು ಬಂದಿದ್ದೇವೆ.
ಮೊದಲನೆಯದರಲ್ಲಿ ಮೊಬೈಲ್ ಗೋಪುರ.
ಎರಡನೆಯದರಲ್ಲಿ ಮದುವೆ, ಮದುವೆಗೆ ಜನರೇಟರು,
ರಾತ್ರಿಯಿಡೀ ದಾಖಲಾದದ್ದು ಬರೀ ಗುಂಯ್.
ಮೂರನೆಯದರಲ್ಲಿ ಮೇಕೆ ಕೇಬಲ್ ಮೆದ್ದು ತೇಗಿತು.
ಕರೆಂಟು ಹುಡುಕುವವರಿಗೆ ಕರೆಂಟೇ ಶತ್ರು.
ಕಂಬವಿದ್ದೂ ತಂತಿ ಸತ್ತ ಊರು ಬೇಕು.
ಅಂಥದ್ದು ಈ ದ್ವೀಪದಲ್ಲಿ ದುರ್ಲಭವಲ್ಲ.

ಕೋಕೋ ಜಲ್ಹಾತಾಳ ತೋಟ ಸಿಕ್ಕಿತು.
ಯಲಾಂಗ್ ಮರಗಳ ಸೊಂಟ ಬಾಗಿಸಿದ್ದಾಳೆ
ಹೂವು ಕೈಗೆಟುಕಲೆಂದು.
ಎಂಟು ತಿಂಗಳಾಯಿತು ದೀಪ ಹತ್ತಿ, ಎಂದಳು.
ರಾಂತಿಯ ಮುಖ ಅರಳಿತು.
ಆಮೇಲೆ ನಾಚಿತು.

ದಿಕ್ಸೂಚಿ ನೋಡಿ ಸುರುಳಿಯನ್ನು ಉತ್ತರಕ್ಕೆ ಮಲಗಿಸಿದೆ.
ಕೋಕೋ ಬಗ್ಗಿ ನೋಡಿ ತಲೆದೂಗಿದಳು:
ಸರಿಯಾಗಿದೆ, ನಮಾಜಿಗೆ ನಾವು ಬಾಗುವುದೂ ಅತ್ತಲೇ.

ಒಣ ಮಣ್ಣಿನಲ್ಲಿ ಮಡಕೆಗಳು ಬಾಯಿ ಬಿಡುವುದಿಲ್ಲ.
ಬುಡಕ್ಕೆ ಕೆಸರು ಬೇಕು.
ಹೊಳೆಯೊಂದೂ ಇಲ್ಲದ ದ್ವೀಪ; ಸುರಿದದ್ದನ್ನೆಲ್ಲ
ಕಲ್ಲೇ ಕುಡಿದು ಗುಟ್ಟಾಗಿ ಕಡಲಿಗೆ ದಾಟಿಸುತ್ತದೆ.
ಅವಳು ತೊಟ್ಟಿಯ ತಳ ಬಳಿದು ಒಂದು ಡಬ್ಬ ತಂದಳು.
ನಿಮ್ಮ ಮಡಕೆ ಕುಡಿಯಲಿ. ಲೆಕ್ಕ ಇಟ್ಟುಕೊಳ್ಳಿ.
ಉಪ್ಪು ಕಲಸಿದ ಕೈ ನನ್ನದು.

ರಾತ್ರಿ.
ದೊಡ್ಡ ಬಾವಲಿಯೊಂದು ಕತ್ತಲನ್ನು ಕೊಡವಿ ಹಾರಿತು.
ಪೆಟ್ಟಿಗೆಯ ಹಸಿರು ಕಣ್ಣು ಮಿಟುಕುತ್ತಿತ್ತು.
ಜೋರಾಗಿ ಮಾತಾಡಿದರೆ ಕೆಡುವುದೇನಿಲ್ಲ,
ಆದರೂ ರಾಂತಿ ಪಿಸುಗುಟ್ಟಿದಳು:
ಎಲ್ಲೋ ಕಾಂಗೋ ಕಾಡಿನ ಮೇಲೆ ಈಗ ಸಿಡಿಲು,
ಅದರ ಅದುರು ಬಂದು ಈ ಕಲ್ಲಿಗೂ ಇಳಿಯುತ್ತದೆ.
ಚುರುಕಾದ ಅಲೆ ಮೇಲ್ಮೇಲೆಯೇ ದಣಿಯುತ್ತದೆ.
ಆಳಕ್ಕೆ ಹೋಗುವುದು ನಿಧಾನದ್ದು,
ಸೂರ್ಯನಿಂದ ಹೊರಟ ಗಾಳಿ ಭೂಮಿಯ ಬೇಲಿ ಅಲುಗಿಸಿದಾಗ
ಹುಟ್ಟುವುದು, ಒಂದು ಉಸಿರಿಗೆ ನಿಮಿಷಗಳೇ ಹಿಡಿಯುವುದು.
ನಾವಾಗಿ ಏನನ್ನೂ ಕಳಿಸುವುದಿಲ್ಲ.
ಬಂದದ್ದು ಎಲ್ಲಿ ಕುಂದಿತು ಎಂದು
ಕಿವಿಗೊಡುತ್ತೇವೆ, ಅಷ್ಟೆ.

ನನಗೆ ಕೇಳಿದ್ದು ಕೋಕೋಳ ಕೆಮ್ಮು.
ತುಂಬ ಹೊತ್ತಾದ ಮೇಲೆ, ಕಡಲು.

ಬೆಳಗಿಗೆ ಪರದೆಯ ಮೇಲೆ ಗೆರೆ ಮೂಡಿತು,
ಇಳಿದು, ತಗ್ಗಿನಲ್ಲಿ ಸ್ವಲ್ಪ ಕೂತು, ಮತ್ತೆ ಏರುವ ಗೆರೆ.
ನನ್ನ ನೆಲದ ಕೆಳಗೆ ಏನಿದೆ? ಕೋಕೋ ಕೇಳಿದಳು.
ಬೆಂದ ಜೇಡಿಯ ಮುಚ್ಚಳ, ಎಂದಳು ರಾಂತಿ.
ಅದರಡಿ ಬಹುಶಃ ಬಿಸಿ...
ಬಿಸಿ ಏನು?
ನೀರು.

ಬೆಳಕು, ಸ್ಥಾವರ, ರಸ್ತೆ, ಪರಿಹಾರ,
ರಾಂತಿ ಬಾಯಿಪಾಠ ಮಾಡಿ ತಂದ ಉತ್ತರಗಳೆಲ್ಲ ಹಾಗೇ ಉಳಿದವು.
ಎಷ್ಟು ಆಳ?
ಎರಡು ಕಿಲೋಮೀಟರು ಇದ್ದೀತು. ಕೊರೆಯದೆ ಹೇಳಲಾಗದು.
ಕೋಕೋ ತೊಟ್ಟಿಯ ಹಗ್ಗ ಎತ್ತಿ ಹಿಡಿದು
ಹಲ್ಲಿಲ್ಲದ ಬಾಯಿ ತುಂಬ ನಕ್ಕಳು:
ನನ್ನದು ಆರು ಮೊಳ.

ಏಳು ಗುಂಡಿಯನ್ನೂ ಮುಚ್ಚಿದೆ.
ಮಡಕೆ ಎತ್ತಿದ ಕಡೆ ನೆಲ ಇನ್ನೂ ಒದ್ದೆ.
ನಾವು ಜೀಪು ಹತ್ತುವಷ್ಟರಲ್ಲಿ ಅವಳು ಅಲ್ಲಿ ಕುಕ್ಕರಗಾಲಲ್ಲಿ ಕೂತು
ಏನೋ ಬೀಜ ಊರುತ್ತಿದ್ದಳು,
ಹೆಬ್ಬೆರಳಿನಿಂದ, ಒಂದೊಂದಾಗಿ.
ಉಪ್ಪಿನ ವಿಷಯ
ನಾನು ಹೇಳಲಿಲ್ಲ.