ಮೂರನೆಯ ಹೆಜ್ಜೆ

"ಮೂರನೆಯ ಹೆಜ್ಜೆಯಲ್ಲಿ, ಯಾವ ಫೋಲ್ಡರು?"
ಬೈತಖೋಲದಿಂದ ಸುಗಂಧಾ ಹರಿಕಂತ್ರ ಕೇಳಿದ್ದು ಇಷ್ಟೇ.
ಉಬ್ಬರ-ಇಳಿತದ ಲೆಕ್ಕ ಹಾಕುವ ನನ್ನ ಲೈಬ್ರರಿ
ಎಲ್ಲರಿಗೂ ಪುಕ್ಕಟೆ, ಎಲ್ಲರಿಗೂ ತೆರೆದದ್ದು;
ಬಾಗಿಲು ಎಲ್ಲಿದೆ ಅಂತ
ನನಗೊಬ್ಬನಿಗೇ ಗೊತ್ತಿತ್ತು.

ಕೋಡಿಬಾಗದಲ್ಲಿ ದಾರಿ ಕೇಳಿದವರಿಗೆ ನಾವು
"ಐಸ್ ಫ್ಯಾಕ್ಟರಿ ಹತ್ರ ಎಡಕ್ಕೆ" ಅನ್ನುತ್ತೇವೆ.
ಫ್ಯಾಕ್ಟರಿ ಕೆಡವಿ ಹನ್ನೊಂದು ವರ್ಷ.

ರಾತ್ರಿ ಹಳೇ ಲ್ಯಾಪ್‌ಟಾಪು ಪೂರ್ತಿ ಒರೆಸಿ
ಏನೂ ಅರಿಯದವನಂತೆ ಕೂತು
ನಾನು ಬರೆದದ್ದನ್ನೇ ಚಾಚೂ ತಪ್ಪದೆ ಮಾಡಿದೆ.
ಎರಡನೆಯ ಸಾಲಿಗೇ ಮರಳು ತಾಗಿ ನಿಂತೆ,
ಇಳಿತದ ಹೊತ್ತಲ್ಲಿ ಕಾಳಿಯ ಅಳಿವೆಗೆ ನುಗ್ಗಿದ ದೋಣಿ.

"ಸುಮ್ಮನೆ", "ಸುಲಭವಾಗಿ", "ಎಂದಿನಂತೆ"
ಮೂರೂ ಅಳಿಸಿದೆ.
ಎಂದಿನಂತೆ ಅಂದರೆ ಯಾರ ಎಂದಿನಂತೆ?
ಉದಾಹರಣೆಯಲ್ಲಿದ್ದ "ಬಂದರು ೧" ತೆಗೆದು
ಬೈತಖೋಲ ಎಂದೇ ಬರೆದೆ, ಗುರುವಾರ, ಬೆಳಗಿನ ಜಾವ,
ಬರಬೇಕಾದ ಉತ್ತರವನ್ನೂ ಕೆಳಗೇ ಇಟ್ಟೆ:
ಒಂದು ಮುಕ್ಕಾಲು ಮೀಟರ್.

ಶುಕ್ರವಾರ ಅವಳು ಬರೆದಳು:
"ಬಂತು. ನಂಬದೆ ಜೆಟ್ಟಿಗೂ ಹೋಗಿ ನೋಡಿದೆ,
ಐದನೇ ಮೆಟ್ಟಿಲು ಮುಳುಗಿತ್ತು, ಲೆಕ್ಕ ಸರಿ.
ಆದರೆ ನಾಲ್ಕನೇ ಹೆಜ್ಜೆಯಲ್ಲಿ
ಒಂದು ಅಲ್ಪವಿರಾಮ ಹೆಚ್ಚಿದೆ, ನೋಡಿ."