ಕಾವಿಗೆ ಕುಂತ ಕಾಂಟೆಸ್ಸಾ

ಅರವತ್ತು ದಾಟಿದರ ಸಾಕು, ಕೆಳಗಿಂದ ಒಂದು ಗುಂಗು ಏಳತಿತ್ತು,
ದುಂಬಿ ಹಾಕಿ ಮುಚ್ಚಿದ ಡಬ್ಬಿ ಕಿವಿಗೆ ಹಿಡಿದಂಗ.
ಎಂಬತ್ತಾರನೇ ಇಸವಿ ಗಾಡಿ, ಹಂಚಿನಮನಿ ಸ್ಯಾಮ್ಯುವೆಲ್ ಸಾಹೇಬರದು.
ರೇಲ್ವೆ ವರ್ಕ್‌ಶಾಪಿನಾಗ ಮೂವತ್ತೊಂದು ವರ್ಷ
ಬೋಗಿಗಳ ಗಾಲಿ ನೋಡಿದವರು.
“ನನ್ನ ಗಾಡಿ ಅಳತೈತಿ” ಅಂದ್ರು.
ದಾವಲಸಾಬ್ ಚಾಚಾ ಪಾನಾ ಕೆಳಗಿಟ್ಟ:
“ಅಳೂದಲ್ರಿ, ಹಲ್ಲು ಕಡೀಲಿಕ್ಕತ್ತೈತಿ.”

ಕಾರವಾರ ರೋಡಿನ ನಮ್ಮ ಗ್ಯಾರೇಜಿನಾಗ
ಹಿಂದಿನ ಎಕ್ಸೆಲ್ಲಿನ ಎಣ್ಣಿ ಇಳಿಸಿದ್ವಿ.
ಬಿಸಲಿಗೆ ಹಿಡಿದ್ರ ಕರಿ ಎಣ್ಣ್ಯಾಗ ಬೆಳ್ಳಿಪುಡಿ.
ಚಂದ ಕಾಣತೈತಿ ಅಂತ ಬಾಯಿ ತಪ್ಪಿ ಅಂದೆ.
ಚಾಚಾ ನನ್ನ ಮಾರಿ ನೋಡಿದ:
“ಗೇರಿನ ಹಲ್ಲು ಅದು, ಹುಡುಗಿ. ಹಿಂಗ ಚಂದ ಕಾಣಬಾರದು.”

ಹುಬ್ಬಳ್ಳಿ ಗುಜರಿ ಎಲ್ಲಾ ಹೊಳ್ಳಿಸಿ ಹಾಕಿದ್ವಿ.
ಅಂಬಾಸೆಡರಿಂದು ಸಿಕ್ತು, ಅದರ ಅಗಲ ಬ್ಯಾರೆ.
ಜೀಪಿಂದು ಕೊಯ್ದು ಬೆಸೀರಿ ಅಂದ ಒಬ್ಬಾಂವ.
ಕೊಯ್ದದ್ದು ಕೂಡತೈತಿ,
ನೆಟ್ಟಗ ಕೂಡೂದಿಲ್ಲ.
ಐ.ಟಿ.ಐ.ದಾಗ ನಾ ಕಲತದ್ದು ಅಷ್ಟ.

ಕಡೀಕ ಬೆಟಗೇರಿ. ಮಗ್ಗದ ಸಪ್ಪಳದ ಹಿಂದ ಒಂದು ಹಿತ್ತಲ,
ಹಿತ್ತಲದಾಗ ಬಣ್ಣ ಹೋದ ಇನ್ನೊಂದು ಕಾಂಟೆಸ್ಸಾ.
ಎಂಜಿನ್ ಯಾವಾಗೋ ಮಾರಿದ್ದು, ಎಕ್ಸೆಲ್ ಗಟ್ಟಿ,
ಹಿಂದಿನ ಸೀಟಿನ ಮ್ಯಾಲ ಒಂದು ಕರಿ ಕೋಳಿ,
ಅದರ ಹೊಟ್ಟಿ ಬುಡಕ ಹನ್ನೊಂದು ತತ್ತಿ.

ಯಮನೂರವ್ವ ಅಡ್ಡ ನಿಂತ್ಲು:
“ಕಾವಿಗೆ ಕುಂತೈತಿ. ಅಳ್ಳಾಡಿಸಿದ್ರ ಕೆಡತಾವ.
ನೀ ಹೆಣ್ಣ ಹುಡುಗಿ, ನಿನಗರ ತಿಳೀಬೇಕಲ್ಲ.”
ನನಗ ತಿಳಿಯೂದು ಬೋಲ್ಟಿನ ಲೆಕ್ಕ. ಸಿಟ್ಟು ಬಂತು.
“ಯಾವತ್ತ ಕುಂತೈತಿ?”
“ಸೋಮವಾರ.”
ಇಪ್ಪತ್ತೊಂದರಾಗ ಮೂರು ಕಳದೆ.

ಹದಿನೆಂಟು ದಿನ
ಹುಬ್ಬಳ್ಳಿಯ ಗಾಡಿ ಜಾಕಿನ ಮ್ಯಾಲ ಕುಂಡಿ ಎತ್ತಿಕೊಂಡು ನಿಂತಿತ್ತು.
ಸಾಹೇಬ್ರು ದಿನಾ ಫೋನ್ ಮಾಡವರು: “ಕೋಳಿ ಎದ್ದೈತೇನು?”
ಮೊದಲ ಸಿಟ್ಟಿಲೆ, ಆಮ್ಯಾಲ ಸುಮ್ನ ಹಂಗ.
ಹತ್ತನೇ ದಿನ ತಾವ ಬಸ್ ಹತ್ತಿ ಗದಗಕ್ಕ ಹೋಗಿ
ನುಚ್ಚು ಹಾಕಿ ಬಂದ್ರಂತ.

ಒಂಬತ್ತು ಮರಿ. ಎರಡು ತತ್ತಿ ಒಡೀಲಿಲ್ಲ.

ಆ ಗಾಡಿಗೆ ನಾಕು ಕಲ್ಲು ಕೊಟ್ಟು ಎಕ್ಸೆಲ್ ಬಿಚ್ಚಿದ್ವಿ,
ಬ್ರೇಕಿನ ಡ್ರಮ್ಮಿನಾಗೂ ಕೋಳಿಪುಚ್ಚ.
ಗ್ಯಾರೇಜಿನಾಗ ಪಿನಿಯನ್ ಮಾರಿಗೆ ಸೀಮಿಸುಣ್ಣದ ಗೀಟು ಎಳದು
ಒಂದು ಕಡೆ ಅಮುಕಿ ಹಿಡಿದು ಇನ್ನೊಂದು ಕಡೆ ಎರಡು ಸುತ್ತು ತಿರುಗಿಸಿದೆ.
ಹಳೇದು ನಾಕೂವರಿ ಸುತ್ತತಿತ್ತು,
ಇದು ನಾಕಕ್ಕ ಒಂದೀಟು ಮೊದಲ ನಿಂತಿತು.
ಅಂದ್ರ ಅದ ದಾರಿಗೆ ಎಂಜಿನ್ನು ಕಡಿಮಿ ಒದರತೈತಿ.
ಹಲ್ಲಿಗೆ ನೀಲಿ ಹಚ್ಚಿ ನೋಡಿದ್ವಿ:
ತುದೀಗಲ್ಲ, ಬುಡಕ್ಕಲ್ಲ,
ನಟ್ಟನಡುವ ಅಲಸಂದಿ ಕಾಳಿನಂಥಾ ಗುರುತು.
ಚಾಚಾ ಏನೂ ಅನಲಿಲ್ಲ. ಚಾ ಹೇಳಿದ.

ಗದಗ ರೋಡು. ಸಾಹೇಬ್ರ ಕೈಯಾಗ ಸ್ಟೇರಿಂಗು.
ಐವತ್ತೈದು. ಅರವತ್ತು. ಯಾರೂ ಉಸಿರು ಬಿಡವಲ್ರು.
ಎಪ್ಪತ್ತಕ್ಕ ಕಿಟಕಿ ಇಳಿಸಿದ್ರು,
ಅಣ್ಣಿಗೇರಿ ಎರಿ ಹೊಲದ ಗಾಳಿ ಅಷ್ಟ ಬಂತು, ಮತ್ತೇನೂ ಇಲ್ಲ.
ತಿರುವಿನ್ಯಾಗ ಒಳಗಿನ ಗಾಲಿ ಒಂದೀಟು ತಡದು
ಹೊರಗಿನದನ್ನ ಮುಂದ ಹೋಗಗೊಟ್ಟಿರಬೇಕು.
ನಮಗ ಗೊತ್ತಾಗಲಿಲ್ಲ.
ಗೊತ್ತಾಗದಂಗ ಆಗಲಿ ಅಂತನ ಅಲ್ಲೇನು ಇಷ್ಟೆಲ್ಲಾ.

ಬೆಟಗೇರಿಗೆ ಹೋಗೂಣು ಅಂದಾವ್ರು ಸಾಹೇಬ್ರ.
ಯಮನೂರವ್ವ ಹೊಳಿಯೂ ಗಾಡಿಗೆ ಒಂದು ಸುತ್ತು ಹಾಕಿ
“ನಮ್ಮದ ಎತ್ತರ ಐತಿ” ಅಂದ್ಲು. “ಈಗ ಬೆಕ್ಕು ಏರೂದಿಲ್ಲ.
ಹಿಂದ ಎಡಕ್ಕ ಮಾತ್ರ ವಾಲೈತಿ, ನೋಡು,
ಮರಿ ಎಲ್ಲಾ ಒಂದ ಮೂಲಿಗೆ ಉರಳತಾವ.”

ಡಿಕ್ಕಿ ತೆಗೆದೆ, ಜಾಕ್ ತಂದೆ.
ಸಾಹೇಬ್ರು ಅಂಗಿ ತೋಳು ಏರಿಸಿ ಕಲ್ಲು ಹುಡುಕಲಿಕ್ಕೆ ಹೋದ್ರು.